ಸಾವಿರ ಲೀಟರ್ ನೀರು, ಒಂದು ಯೂನಿಟ್ ಕರೆಂಟ್: ಬಿ.ಎ., ಬಿ.ಕಾಂ. ತರಗತಿಯಲ್ಲಿ ಇಂಧನ ಮತ್ತು ವಾಯುಗುಣದ ಪಾಠ

ನಿಮ್ಮ ಮನೆ ಚಾವಣಿ ಮೇಲೆ ಸಾವಿರ ಲೀಟರಿನ ನೀರಿನ ಟ್ಯಾಂಕ್ ಇರಬಹುದು. ಮಲೆನಾಡಿನ ಪೇಟೆಗಳಲ್ಲಿ ಈಗ ಅದಿಲ್ಲದ ಮನೆ ಕಡಿಮೆ. ಆ ಟ್ಯಾಂಕಿನಷ್ಟು ನೀರನ್ನು ತಲಕಳಲೆ ಜಲಾಶಯದಿಂದ ಕೊಳವೆಯಲ್ಲಿ ಕೆಳಗೆ ಬಿಟ್ಟರೆ, ಶರಾವತಿ ವಿದ್ಯುದಾಗಾರ ತಲುಪುವಷ್ಟರಲ್ಲಿ ಅದು 400 ಮೀಟರಿಗೂ ಹೆಚ್ಚು ಇಳಿದಿರುತ್ತದೆ. ಆ ಇಳಿತದಿಂದ ಎಷ್ಟು ಕರೆಂಟ್ ಸಿಗುತ್ತದೆ?

ಬಿ.ಕಾಂ. ತರಗತಿಯೊಂದರಲ್ಲಿ ಈ ಪ್ರಶ್ನೆ ಕೇಳಿದ್ದೆ. ಒಬ್ಬಳು "ಒಂದು ಊರಿಗೆ ಒಂದು ದಿನಕ್ಕೆ ಆಗ್ಬಹುದು ಮೇಡಂ" ಅಂದಳು. ಇನ್ನೊಬ್ಬ ಹುಡುಗ ಸ್ವಲ್ಪ ಯೋಚಿಸಿ ನೂರು ಯೂನಿಟ್ ಅಂದ. ಉತ್ತರ: ಒಂದೇ ಯೂನಿಟ್. ನಷ್ಟವನ್ನೆಲ್ಲ ಕಳೆದರೆ ಹೆಚ್ಚುಕಡಿಮೆ ಸರಿಯಾಗಿ ಒಂದು.

ಲೆಕ್ಕ ಕಷ್ಟದ್ದಲ್ಲ. ಸಾವಿರ ಲೀಟರ್ ನೀರಿನ ತೂಕ ಸಾವಿರ ಕೆಜಿ. ಅದನ್ನು ಗುರುತ್ವದ 9.8ರಿಂದ ಗುಣಿಸಿ, 400 ಮೀಟರಿನಿಂದ ಗುಣಿಸಿ. ಸುಮಾರು 39 ಲಕ್ಷ ಜೌಲ್ ಬರುತ್ತದೆ. ಒಂದು ಯೂನಿಟ್ ಅಂದರೆ 36 ಲಕ್ಷ ಜೌಲ್. ಕೊಳವೆ, ಟರ್ಬೈನು, ಜನರೇಟರಿನಲ್ಲಿ ಹೋಗುವ ಹತ್ತರಲ್ಲಿ ಒಂದು ಪಾಲನ್ನು ತೆಗೆದರೆ ಒಂದು ಯೂನಿಟ್ ಉಳಿಯಿತು. ಮೂರು ಗುಣಾಕಾರ, ಒಂದು ಭಾಗಾಕಾರ. ಬಡ್ಡಿ ಲೆಕ್ಕ ಗೊತ್ತಿರುವ ಹುಡುಗರಿಗೆ ಇದೇನೂ ಅಲ್ಲ.

ಆಮೇಲೆ ಕ್ಲಾಸು ತಾನಾಗಿ ಮುಂದೆ ಓಡಿತು. ಹಾಗಿದ್ರೆ ಒಂದು ಟಿಎಂಸಿಗೆ ಎಷ್ಟು? ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ಅಂದರೆ 2.8 ಕೋಟಿ ಯೂನಿಟ್. ಶರಾವತಿಯ ದೊಡ್ಡ ಜಲಾಶಯ ಲಿಂಗನಮಕ್ಕಿಯ ಪೂರ್ತಿ ಸಾಮರ್ಥ್ಯ 151 ಟಿಎಂಸಿಗೂ ಸ್ವಲ್ಪ ಹೆಚ್ಚು. ತಳದ ನೀರನ್ನೂ ಸೇರಿಸಿ ಅಷ್ಟನ್ನೂ ಇಳಿಸಿದೆವು ಅಂದುಕೊಂಡರೂ ಸುಮಾರು 430 ಕೋಟಿ ಯೂನಿಟ್. ಈಚೆಗೆ ಬೇಸಿಗೆಯಲ್ಲಿ ಕರ್ನಾಟಕ ಒಂದೇ ದಿನಕ್ಕೆ 30 ಕೋಟಿ ಯೂನಿಟ್ ದಾಟಿ ಬಳಸುತ್ತದೆ. ಭಾಗಿಸಿ ನೋಡಿ. ಕಣ್ಣು ಹಾಯಿಸಿದಷ್ಟೂ ದೂರ ನಿಂತಿರುವ ಆ ನೀರು, ಊರುಗಳನ್ನೇ ಮುಳುಗಿಸಿ ನಿಂತ ನೀರು, ಇಡೀ ರಾಜ್ಯವನ್ನು ಒಬ್ಬಂಟಿಯಾಗಿ ನಡೆಸಬೇಕಾದರೆ ಎರಡು ವಾರಕ್ಕೆ ಮುಗಿಯುತ್ತದೆ.

ಈ ಸಂಖ್ಯೆ ಬೋರ್ಡಿನ ಮೇಲೆ ಬಂದಾಗ ಹಿಂದಿನ ಬೆಂಚು ಕೂಡ ಸುಮ್ಮನಾಯಿತು. ಸಾಗರ, ಹೊಸನಗರ ಕಡೆಯಿಂದ ಬರುವ ಮಕ್ಕಳು ಅವರು. ಕೆಲವರ ಅಜ್ಜಂದಿರು ಆ ನೀರಿಗಾಗಿ ಮನೆ ಬಿಟ್ಟವರು. "ಶರಾವತಿ ನಾಡಿಗೆ ಬೆಳಕು ಕೊಟ್ಟ ನದಿ" ಎಂದು ಶಾಲೆಯಿಂದಲೂ ಓದಿದ್ದಾರೆ. ಎಷ್ಟು ಬೆಳಕು ಅಂತ ಯಾರೂ ಹೇಳಿರಲಿಲ್ಲ.

ನನ್ನ ದೂರು ಇಷ್ಟೇ. ವಿಜ್ಞಾನ ಓದದ ಪದವಿ ವಿದ್ಯಾರ್ಥಿಗಳಿಗೆ ನಾವು ಪರಿಸರದ ಬಗ್ಗೆ ಹೇಳುವುದೇನೂ ಕಡಿಮೆಯಿಲ್ಲ. ಆದರೆ "ಎಷ್ಟು" ಎಂಬ ಪ್ರಶ್ನೆಯನ್ನು ಕಲಿಸುತ್ತಿಲ್ಲ. ಇಂಧನ ಮತ್ತು ವಾಯುಗುಣದ ವಿಜ್ಞಾನದಲ್ಲಿ ಅರ್ಧಕ್ಕಿಂತ ಜಾಸ್ತಿ ವಿಷಯ ಆ ಒಂದು ಪ್ರಶ್ನೆಯಲ್ಲೇ ಇದೆ.

ಪದವಿ ಕಾಲೇಜುಗಳಿಗೆ ಪರಿಸರ ಪಾಠ ಬಂದ ದಾರಿ ಹೀಗಿದೆ. ಎಂ.ಸಿ. ಮೆಹ್ತಾ ಅವರು ಹೂಡಿದ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣ ಕಡ್ಡಾಯವಾಗಬೇಕು ಎಂದು ಹೇಳಿತು. ಆಮೇಲೆ ಯುಜಿಸಿ ಎಲ್ಲ ಪದವಿ ಕೋರ್ಸುಗಳಿಗೂ ಆರು ತಿಂಗಳ ಒಂದು ಪಠ್ಯ ತಂದಿತು. ಇಡೀ ದೇಶದಲ್ಲಿ ಬಿ.ಎ. ಓದುವವರೂ ಓಝೋನ್ ಪದರದ ಹೆಸರು ಕೇಳುವಂತಾದದ್ದು ಅದರಿಂದಲೇ. ಅದು ಸಣ್ಣ ಸಾಧನೆಯಲ್ಲ. 2023ರಲ್ಲಿ ಯುಜಿಸಿ ಮತ್ತೆ ಹೊಸ ಚೌಕಟ್ಟು ಕೊಟ್ಟಿತು. ಅದರಲ್ಲಿ ವಾಯುಗುಣ ಬದಲಾವಣೆಗೆ ಹೆಚ್ಚು ಜಾಗ ಇದೆ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಪಠ್ಯಪಟ್ಟಿಗಳು ಓಡಾಡುತ್ತಲೇ ಇವೆ.

ಓಡಾಡದೆ ನಿಂತಿರುವುದು ಪ್ರಶ್ನೆಪತ್ರಿಕೆ. "ಹಸಿರುಮನೆ ಅನಿಲಗಳನ್ನು ಹೆಸರಿಸಿ." "ನವೀಕರಿಸಬಹುದಾದ ಇಂಧನ ಮೂಲಗಳ ಬಗ್ಗೆ ಟಿಪ್ಪಣಿ ಬರೆಯಿರಿ." ಗೈಡಿನಲ್ಲಿ ಉತ್ತರ ಇರುತ್ತದೆ. ಹುಡುಗರು ಕಲಿಯುತ್ತಾರೆ, ಬರೆಯುತ್ತಾರೆ, ಮರೆಯುತ್ತಾರೆ. ಪಾಠ ಮಾಡುವವರು ಯಾರು ಅನ್ನುವುದೂ ಎಷ್ಟೋ ಕಡೆ ಯಾರಿಗೆ ಕೆಲಸದ ಗಂಟೆ ಕಡಿಮೆ ಬಿದ್ದಿದೆ ಎನ್ನುವುದರ ಮೇಲೆ ತೀರ್ಮಾನವಾಗುತ್ತದೆ. ನಾನು ಹಿಂದೆ ಇದ್ದ ಒಂದು ಕಾಲೇಜಿನಲ್ಲಿ ಜೂನ್ ತಿಂಗಳಲ್ಲಿ ಗಿಡ ನೆಟ್ಟು ಫೋಟೊ ತೆಗೆದರೆ ವರ್ಷದ ಪರಿಸರ ಚಟುವಟಿಕೆ ಮುಗಿದ ಹಾಗೆ. ಅಂಥ ಫೋಟೊಗಳಲ್ಲಿ ನಾನೂ ನಿಂತಿದ್ದೇನೆ.

ಇದು ಯಾಕೆ ಇಷ್ಟು ಮುಖ್ಯ? ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2021–22ರ ವರದಿ ನೋಡಿದರೆ, ಪದವಿ ಮಟ್ಟದಲ್ಲಿ ಓದುವವರಲ್ಲಿ ಮೂರನೇ ಒಂದು ಭಾಗ ಕಲಾ ವಿಭಾಗದವರು. ವಿಜ್ಞಾನದವರು ಏಳು ಜನರಲ್ಲಿ ಒಬ್ಬರು. ನಾಳೆ ಪಿಡಿಒ ಆಗುವವರು, ತಹಶೀಲ್ದಾರ್ ಆಗುವವರು, ಸೊಸೈಟಿ ಕಾರ್ಯದರ್ಶಿ, ಬ್ಯಾಂಕ್ ಮ್ಯಾನೇಜರ್, ವರದಿಗಾರ, ಪ್ರೈಮರಿ ಶಾಲೆ ಮೇಷ್ಟ್ರು ಆಗುವವರು ಬಹುಪಾಲು ಈ ಬೆಂಚುಗಳಿಂದ ಬರುತ್ತಾರೆ. ಯಾವ ಪಂಚಾಯಿತಿ ಬೀದಿದೀಪಕ್ಕೆ ಏನು ಹಾಕಬೇಕು, ಯಾವ ಯೋಜನೆಗೆ ಸಾಲ ಕೊಡಬೇಕು, ಯಾವ ಸುದ್ದಿಗೆ ಯಾವ ತಲೆಬರಹ ಕೊಡಬೇಕು ಎಂದು ತೀರ್ಮಾನಿಸುವವರು ಇವರೇ.

ಹಾಗಂತ ಬಿ.ಎಸ್ಸಿ. ಪಾಠವನ್ನೇ ತೆಳು ಮಾಡಿ ಇವರಿಗೆ ಬಡಿಸಿದರೆ ಆಗುವುದಿಲ್ಲ. ಷಿಕಾಗೊದಂಥ ವಿಶ್ವವಿದ್ಯಾಲಯಗಳಲ್ಲಿ ವಿಜ್ಞಾನೇತರ ವಿದ್ಯಾರ್ಥಿಗಳಿಗೆಂದೇ ವಾಯುಗುಣದ ಕೋರ್ಸುಗಳಿವೆ. ಅಲ್ಲಿನ ಉದಾಹರಣೆ ನಮ್ಮ ಹುಡುಗರಿಗೆ ಹಿಡಿಸುವುದಿಲ್ಲ, ಹಿಡಿಸಬೇಕಾಗಿಯೂ ಇಲ್ಲ. ಆದರೆ ಕಾಲು ಭಾಗ ವಿಜ್ಞಾನ ಕಲಿಸೋಣ ಅನ್ನುವುದಕ್ಕಿಂತ, ವಿಜ್ಞಾನಿ ಯೋಚಿಸುವ ರೀತಿಯನ್ನು ಪೂರ್ತಿ ಕಲಿಸೋಣ ಎನ್ನುವ ದಾರಿ ನಮಗೂ ಬೇಕು.

ಮೊದಲ ತೊಡಕು ಮಾತಿನಲ್ಲೇ ಇದೆ. ಇದರ ಬಗ್ಗೆ ಸ್ವಲ್ಪ ಹೊತ್ತು ನಿಲ್ಲಬೇಕು.

ನಾವು ದಿನಾ "ಹವಾಮಾನ ಬದಲಾವಣೆ" ಅನ್ನುತ್ತೇವೆ. ಟಿವಿಯಲ್ಲಿ "ಹವಾಮಾನ ವರದಿ" ಬರುತ್ತದೆ. ಎರಡೂ ಕಡೆ ಒಂದೇ ಪದ. ಹಾಗಾಗಿ ವಿದ್ಯಾರ್ಥಿಯ ತಲೆಯಲ್ಲಿ ನಿನ್ನೆ ಬಿಸಿಲು, ಇವತ್ತು ಮಳೆ ಅನ್ನುವುದೇ ಹವಾಮಾನ ಬದಲಾವಣೆ. "ಹವಾಮಾನ ಯಾವಾಗ್ಲೂ ಬದಲಾಗ್ತಾನೇ ಇತ್ತಲ್ವಾ ಮೇಡಂ?" ಎಂದು ಕೇಳುವ ಹುಡುಗ ಉಡಾಫೆ ಮಾಡುತ್ತಿಲ್ಲ. ಪದ ಹೇಳಿದ ಅರ್ಥವನ್ನೇ ಅವನು ಹಿಡಿದಿದ್ದಾನೆ. ಹಳೆಯ ಭೂಗೋಳ ಪುಸ್ತಕಗಳಲ್ಲಿ "ವಾಯುಗುಣ" ಎಂಬ ಒಳ್ಳೆಯ ಪದ ಇತ್ತು. ಕನಿಷ್ಠ 30 ವರ್ಷದ ಸರಾಸರಿ ಸ್ವಭಾವಕ್ಕೆ ಅದು. ಇವತ್ತಿನ ಕೋಪ ಹವಾಮಾನ, ಹುಟ್ಟುಗುಣ ವಾಯುಗುಣ. ಹಾಗೆ ಹೇಳಿದರೆ ತಕ್ಷಣ ಹಿಡಿಯುತ್ತಾರೆ. ಆಗುಂಬೆಯಲ್ಲಿ ಇವತ್ತು ಬಿಸಿಲಿದೆ ಅನ್ನುವುದು ಹವಾಮಾನ. ಅಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರ್ ಆಸುಪಾಸು ಮಳೆ, ನೂರು ಕಿಲೋಮೀಟರ್ ಒಳಗಿರುವ ಶಿವಮೊಗ್ಗ ನಗರಕ್ಕೆ ಅದರ ಐದನೇ ಒಂದು ಭಾಗವೂ ಇಲ್ಲ ಅನ್ನುವುದು ವಾಯುಗುಣ. ನಾನು ತರಗತಿಯಲ್ಲಿ ಹಟಮಾಡಿ ಈ ಪದವನ್ನೇ ಬಳಸುತ್ತೇನೆ.

"ಹಸಿರುಮನೆ" ಇನ್ನೂ ಕಷ್ಟ. ಗಾಜಿನ ಮನೆಯನ್ನು ನೋಡಿಲ್ಲದವರಿಗೆ ಆ ಪದ ಕೇಳಿದರೆ ಗಿಡ, ನೆರಳು, ತಂಪು ನೆನಪಾಗುತ್ತದೆ. ಹಸಿರು ಅಂದಮೇಲೆ ಒಳ್ಳೆಯದೇ ಇರಬೇಕು ಅಂದುಕೊಳ್ಳುತ್ತಾರೆ. ಇನ್ನು "ಶಕ್ತಿ". ಪೈಲ್ವಾನನಿಗೂ ಶಕ್ತಿ, ದೇವಿಯೂ ಶಕ್ತಿ, ಯೂನಿಟ್ಟೂ ಶಕ್ತಿ, ಮೆಗಾವಾಟೂ ಶಕ್ತಿ. ಮೆಗಾವಾಟ್ ಬೇರೆ, ಯೂನಿಟ್ ಬೇರೆ ಎಂದು ಗೊತ್ತಿಲ್ಲದೆ ಬರೆದ ವರದಿಗಳನ್ನು ನಾವು ವಾರಕ್ಕೊಮ್ಮೆಯಾದರೂ ಓದುತ್ತೇವೆ. ನಲ್ಲಿ ಎಷ್ಟು ಜೋರಾಗಿ ಬರುತ್ತಿದೆ ಅನ್ನುವುದು ಮೆಗಾವಾಟ್. ಕೊಡ ಎಷ್ಟು ತುಂಬಿತು ಅನ್ನುವುದು ಯೂನಿಟ್. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ಇದು ನಲ್ಲಿಯ ಜೋರು. ಅದು 24 ಗಂಟೆ ಪೂರ್ತಿ ಓಡಿದರೆ ಸುಮಾರು ಎರಡೂವರೆ ಕೋಟಿ ಯೂನಿಟ್. ಇದು ಕೊಡ.

ಒಮ್ಮೆ ಯೂನಿಟ್ ಕೈಗೆ ಸಿಕ್ಕಿತು ಅಂದರೆ ಎಲ್ಲವನ್ನೂ ಅದರಲ್ಲೇ ಅಳೆಯಬಹುದು. ನಮ್ಮ ದಿನದ ಊಟ ಎರಡೂವರೆ ಯೂನಿಟ್ ಆಸುಪಾಸು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಾಖ. 14.2 ಕೆಜಿಯ ಗ್ಯಾಸ್ ಸಿಲಿಂಡರಿನಲ್ಲಿ 180ರ ಹತ್ತಿರ. 9 ವಾಟಿನ ಎಲ್‌ಇಡಿ ಬಲ್ಬು ಒಂದು ಯೂನಿಟ್‌ಗೆ ನೂರು ಗಂಟೆಗೂ ಮೇಲೆ ಉರಿಯುತ್ತದೆ. ಅದೇ ಯೂನಿಟ್ಟನ್ನು ಗೀಸರ್ ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ಹುಡುಗರಿಗೆ ಜಾಸ್ತಿ ಅಚ್ಚರಿ ತರುವುದು ಬೆಟ್ಟದ ಲೆಕ್ಕ. 60 ಕೆಜಿ ತೂಕದ ಒಂದು ಮೂಟೆಯನ್ನು ಕೊಡಚಾದ್ರಿಯಂಥ ಬೆಟ್ಟದಲ್ಲಿ ಸಾವಿರ ಮೀಟರ್ ಎತ್ತರಕ್ಕೆ ಏರಿಸಿದರೆ ಆಗುವ ಕೆಲಸ ಒಂದು ಯೂನಿಟ್ಟಿನ ಆರನೇ ಒಂದು ಭಾಗ. ಆರು ಮೂಟೆ ಮೇಲಕ್ಕೆ ಹೋದರೆ ಒಂದು ಯೂನಿಟ್. ಹೊತ್ತವನ ಬೆನ್ನಿಗೆ ಗೊತ್ತು ಅದು ಎಂಥ ಕೆಲಸ ಅಂತ. ಸ್ವಿಚ್ಚು ಹಾಕುವ ಬೆರಳಿಗೆ ಗೊತ್ತಾಗುವುದಿಲ್ಲ.

ಗೃಹಜ್ಯೋತಿ ಬಂದ ಮೇಲೆ, ಅಂದರೆ 2023ರಿಂದ, ಎಷ್ಟೋ ಮನೆಗಳಲ್ಲಿ ಬಿಲ್ಲು ಸೊನ್ನೆ. ಬಡ ಮನೆಗಳಿಗೆ ಅದರಿಂದ ಆದ ಅನುಕೂಲ ದೊಡ್ಡದು, ಅದನ್ನು ನಾನು ನನ್ನ ವಿದ್ಯಾರ್ಥಿಗಳ ಮನೆಗಳಲ್ಲೇ ನೋಡಿದ್ದೇನೆ. ಆದರೆ ಸೊನ್ನೆ ಬಿಲ್ಲನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಯೂನಿಟ್ ಎಷ್ಟು ಅಂತ ಅದರಲ್ಲಿ ಬರೆದೇ ಇರುತ್ತದೆ. ಅದಕ್ಕೇ ನನ್ನ ಮೊದಲ ಮನೆಗೆಲಸ: ಮೆಸ್ಕಾಂ ಬಿಲ್ಲು ತನ್ನಿ, ಯೂನಿಟ್ ಸಂಖ್ಯೆಗೆ ಗೆರೆ ಹಾಕಿ, ಅದು ಎಷ್ಟು ಟ್ಯಾಂಕ್ ಶರಾವತಿ ನೀರು ಎಂದು ಬರೆಯಿರಿ. ಆಮೇಲೆ ಅದೇ ಯೂನಿಟ್ ರಾಯಚೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದಿಂದ ಬಂದಿದ್ದರೆ? ಒಂದೊಂದಕ್ಕೂ ಅರ್ಧ ಕೆಜಿಗೂ ಜಾಸ್ತಿ ಕಲ್ಲಿದ್ದಲು, ಗಾಳಿಗೆ ಹೆಚ್ಚುಕಡಿಮೆ ಒಂದು ಕೆಜಿ ಇಂಗಾಲದ ಡೈಆಕ್ಸೈಡ್.

ಇಲ್ಲಿ ಒಂದು ಪ್ರಶ್ನೆ ತಪ್ಪದೇ ಬರುತ್ತದೆ. ಅರ್ಧ ಕೆಜಿ ಸುಟ್ಟರೆ ಒಂದು ಕೆಜಿ ಹೇಗೆ ಹೊರಬರುತ್ತದೆ? ಒಂದು ಲೀಟರ್ ಪೆಟ್ರೋಲ್ ತೂಗುವುದು ಮುಕ್ಕಾಲು ಕೆಜಿ, ಅದರಿಂದ 2.3 ಕೆಜಿ ಅನಿಲ ಹೇಗೆ? ಉತ್ತರ ಸರಳ. ಇಂಗಾಲ ಗಾಳಿಯ ಆಮ್ಲಜನಕವನ್ನು ಜೊತೆಗೆ ಕರೆದುಕೊಂಡು ಹೋಗುತ್ತದೆ. 12 ಗ್ರಾಂ ಇಂಗಾಲಕ್ಕೆ 32 ಗ್ರಾಂ ಆಮ್ಲಜನಕ ಸೇರಿ 44 ಗ್ರಾಂ. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲರೂ ಓದಿದ್ದ ರಸಾಯನಶಾಸ್ತ್ರ ಇಷ್ಟೇ. ಹಾಗಾದರೆ ಬಚ್ಚಲ ಒಲೆಯ ಕಟ್ಟಿಗೆ? ಅದರಿಂದಲೂ ಅದೇ ಅನಿಲ. ಆದರೆ ಕಟ್ಟಿಗೆಯ ಇಂಗಾಲ ಕೆಲವೇ ವರ್ಷಗಳ ಹಿಂದೆ ಗಾಳಿಯಿಂದ ಮರಕ್ಕೆ ಬಂದದ್ದು. ಮರ ಮತ್ತೆ ಬೆಳೆದರೆ ವಾಪಸ್ ಹೋಗುತ್ತದೆ. ಕಲ್ಲಿದ್ದಲಿನದು ಕೋಟ್ಯಂತರ ವರ್ಷ ನೆಲದಡಿ ಕೂತಿದ್ದ ಇಂಗಾಲ. ಊರೊಳಗೇ ಕೈಬದಲಾಗುವ ದುಡ್ಡಿಗೂ ಹೊರಗಿಂದ ಬಂದು ಸೇರುವ ದುಡ್ಡಿಗೂ ಇರುವ ವ್ಯತ್ಯಾಸ. ಬಿ.ಕಾಂ. ಹುಡುಗರು ಇದನ್ನು ನನಗಿಂತ ಚೆನ್ನಾಗಿ ವಿವರಿಸುತ್ತಾರೆ.

ಇನ್ನು ವಾಯುಗುಣಕ್ಕೆ ಬರೋಣ. ಮಳೆಗಾಲದಲ್ಲಿ ಶಿವಮೊಗ್ಗದ ಪತ್ರಿಕೆ ತೆರೆದರೆ ಮೊದಲು ಕಣ್ಣು ಹೋಗುವುದು ಜಲಾಶಯಗಳ ಪಟ್ಟಿಗೆ. ಲಿಂಗನಮಕ್ಕಿ, ಭದ್ರಾ, ತುಂಗಾ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಚಹಾ ಅಂಗಡಿಯಲ್ಲಿ, ಬಸ್ಸಿನಲ್ಲಿ, ತೋಟದಲ್ಲಿ ಅದೇ ಮಾತು. "ಇನ್ನೂ ಹತ್ತಡಿ ಬೇಕು." ಲಿಂಗನಮಕ್ಕಿಯ 1,819 ಅಡಿ ಇಲ್ಲಿನ ಮಕ್ಕಳಿಗೆ ಪರೀಕ್ಷೆ ನಂಬರಿನಂತೆ ಬಾಯಿಗೆ ಬರುತ್ತದೆ. ಒಳಹರಿವು ಕಡಿಮೆಯಾದ ಮಾತ್ರಕ್ಕೆ ಡ್ಯಾಮ್ ಇಳಿಯುವುದಿಲ್ಲ, ಹೊರಹರಿವಿಗಿಂತ ಕಡಿಮೆಯಾಗಬೇಕು ಅನ್ನುವುದು ಇಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿಷಯವೇ ಅಲ್ಲ.

ಇದರಲ್ಲೇ ಅಮೆರಿಕದ ಎಂಐಟಿಯ ಪದವೀಧರ ವಿದ್ಯಾರ್ಥಿಗಳು ತಪ್ಪು ಮಾಡಿದರು. ಜಾನ್ ಸ್ಟರ್ಮನ್ ಮತ್ತು ಲಿಂಡಾ ಬೂತ್ ಸ್ವೀನಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಮಟ್ಟ ಏರದೆ ನಿಲ್ಲಬೇಕಾದರೆ ನಾವು ಬಿಡುವ ಪ್ರಮಾಣ ಹೇಗಿರಬೇಕು ಎಂದು ಚಿತ್ರ ಬರೆಯಲು ಹೇಳಿದ್ದರು. ಬಹುಪಾಲು ಮಂದಿ, ಬಿಡುವುದು ಈಗಿನಷ್ಟೇ ಉಳಿದರೆ ಮಟ್ಟವೂ ನಿಲ್ಲುತ್ತದೆ ಎನ್ನುವಂತೆ ಬರೆದರು. ಗಣಿತ, ಎಂಜಿನಿಯರಿಂಗ್ ಓದಿದ್ದವರೂ ಅವರಲ್ಲಿದ್ದರು.

ನಾನು ಇದನ್ನು ಡ್ಯಾಮಿನ ಪಟ್ಟಿಯಂತೆ ಬರೆಯುತ್ತೇನೆ. ಕೈಗಾರಿಕೆ ಶುರುವಾಗುವ ಮೊದಲಿನ ಮಟ್ಟ: ಹತ್ತು ಲಕ್ಷ ಭಾಗಕ್ಕೆ 280. ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳೆಯಲು ಶುರುಮಾಡಿದಾಗ: 315. ಇಂದಿನ ಮಟ್ಟ: 420 ದಾಟಿದೆ. ಒಳಹರಿವು, ಅಂದರೆ ಮನುಷ್ಯ ವರ್ಷಕ್ಕೆ ಬಿಡುವುದು: ಕಾಡು ಕಡಿಯುವುದನ್ನೂ ಸೇರಿಸಿ ಸುಮಾರು 4,000 ಕೋಟಿ ಟನ್. ಹೊರಹರಿವು, ಅಂದರೆ ಸಮುದ್ರ ಮತ್ತು ಕಾಡು ಹೀರುವುದು: ಅದರ ಅರ್ಧ. ಈಗ ಹೇಳಿ, ಒಳಹರಿವನ್ನು ಹತ್ತರಲ್ಲಿ ಒಂದು ಪಾಲು ತಗ್ಗಿಸಿದರೆ ಡ್ಯಾಮ್ ಏನಾಗುತ್ತದೆ? ಇಡೀ ಕ್ಲಾಸು ಒಟ್ಟಿಗೆ, "ಏರುತ್ತೆ, ಸ್ವಲ್ಪ ನಿಧಾನ." ಹೊಸನಗರದ ಒಬ್ಬ ಹುಡುಗ ಎದ್ದು ನಿಂತು, "ಈ ಡ್ಯಾಮಿಗೆ ಕ್ರೆಸ್ಟ್ ಗೇಟ್ ಇಲ್ವಲ್ಲ ಮೇಡಂ" ಅಂದ. ಕ್ರೆಸ್ಟ್ ಗೇಟ್ ಅಂದರೆ ಡ್ಯಾಮ್ ತುಂಬಿದಾಗ ನೀರು ಹೊರಬಿಡುವ ಬಾಗಿಲು. ಆ ವಾಕ್ಯವನ್ನು ನಾನು ಪ್ರತಿ ವರ್ಷ ಹೇಳುತ್ತೇನೆ.

ಯಾರ ಒಳಹರಿವು ಎಷ್ಟು ಅನ್ನುವುದೂ ಇದೇ ಪಟ್ಟಿಯಲ್ಲಿ ಬರಬೇಕು. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್. ಜಗತ್ತಿನ ಸರಾಸರಿ ಅದರ ಎರಡು ಪಟ್ಟಿಗೂ ಮೇಲೆ. ಅಮೆರಿಕದವರದು ಏಳು ಪಟ್ಟು. ಇದನ್ನು ಹೇಳದೆ ವಾಯುಗುಣದ ಪಾಠ ಮಾಡಿದರೆ ಹುಡುಗರಿಗೆ ಅನ್ಯಾಯ ಮಾಡಿದ ಹಾಗೆ.

ಗಾಳಿ ಶಾಖವನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ ಎಂಬುದಕ್ಕೂ ಪ್ರಯೋಗಶಾಲೆ ಬೇಕಿಲ್ಲ. ಡಿಸೆಂಬರ್ ರಾತ್ರಿ ಆಕಾಶ ಶುಭ್ರವಾಗಿದ್ದರೆ ಬೆಳಗ್ಗೆ ಹಲ್ಲು ಕಟಕಟ ಅನ್ನುವ ಚಳಿ. ಮೋಡ ಮುಸುಕಿದ್ದರೆ ಚಳಿ ಅಷ್ಟಿಲ್ಲ. ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತು. ಯಾಕೆ ಅಂತ ಮಾತ್ರ ಯಾರೂ ಕೇಳಿಕೊಂಡಿರುವುದಿಲ್ಲ. ಹಗಲು ಕಾದ ನೆಲ ರಾತ್ರಿಯೆಲ್ಲ ಕಣ್ಣಿಗೆ ಕಾಣದ ಅವಕೆಂಪು ಬೆಳಕಾಗಿ ಶಾಖವನ್ನು ಮೇಲಕ್ಕೆ ಬಿಡುತ್ತದೆ. ಮೋಡ ಇದ್ದರೆ ಅದನ್ನು ಹೀರಿ ಒಂದು ಪಾಲನ್ನು ವಾಪಸ್ ಕೆಳಗೆ ಕಳಿಸುತ್ತದೆ. ಅದು ಕಂಬಳಿ. ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ಮಾಡುವುದೂ ಅದನ್ನೇ, ಹಗಲೂ ರಾತ್ರಿಯೂ. ಗ್ಯಾರೇಜಿನಲ್ಲಿ ಎಂಜಿನ್ ಬಿಸಿ ನೋಡಲು ಬಳಸುವ ಪಿಸ್ತೂಲಿನಂಥ ಥರ್ಮಾಮೀಟರ್ ಒಂದನ್ನು ತಂದು ಆಕಾಶಕ್ಕೆ ಹಿಡಿದರೆ ಇದು ಕಣ್ಣಿಗೇ ಕಾಣುತ್ತದೆ. ಶುಭ್ರ ಆಕಾಶಕ್ಕೆ ಹಿಡಿದಾಗ ಅಂಕಿ ಸೊನ್ನೆಯ ಹತ್ತಿರಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ಪಕ್ಕದಲ್ಲಿ ಹಾಯುವ ಮೋಡಕ್ಕೆ ಹಿಡಿದ ಕೂಡಲೇ ಜಿಗಿಯುತ್ತದೆ. ಬಿ.ಎ. ಕನ್ನಡ ಐಚ್ಛಿಕದ ಹುಡುಗಿಯರು ಆ ಥರ್ಮಾಮೀಟರನ್ನು ಕೈಯಿಂದ ಕೈಗೆ ಕಸಿದುಕೊಂಡದ್ದನ್ನು ನೋಡಿದ್ದೇನೆ.

ಈ ವಿಜ್ಞಾನ ನಿನ್ನೆ ಮೊನ್ನೆಯದಲ್ಲ ಅನ್ನುವುದನ್ನೂ ಹೇಳಬೇಕು. ಯೂನಿಸ್ ಫುಟ್ ಎಂಬ ಅಮೆರಿಕದ ಮಹಿಳೆ 1856ರಲ್ಲಿ ಗಾಜಿನ ಕೊಳವೆಗಳಲ್ಲಿ ಅನಿಲ ತುಂಬಿ ಬಿಸಿಲಿಗಿಟ್ಟು, ಇಂಗಾಲದ ಡೈಆಕ್ಸೈಡ್ ಇದ್ದದ್ದು ಹೆಚ್ಚು ಕಾಯುವುದನ್ನು ತೋರಿಸಿದರು. 1859ರಲ್ಲಿ ಜಾನ್ ಟಿಂಡಾಲ್ ಈ ಅನಿಲಗಳು ಶಾಖ ಹೀರುವುದನ್ನು ಅಳೆದರು. 1896ರಲ್ಲಿ ಸ್ವಾಂಟೆ ಅರೀನಿಯಸ್ ಕೈಯಲ್ಲೇ ಲೆಕ್ಕ ಹಾಕಿ, ಕಲ್ಲಿದ್ದಲು ಸುಟ್ಟರೆ ಭೂಮಿ ಕಾಯಬಹುದು ಅಂದರು. ಇತಿಹಾಸದ ವಿದ್ಯಾರ್ಥಿಗೆ ಇದು ಒಳ್ಳೆಯ ಬಾಗಿಲು.

ಒಂದು ಎಚ್ಚರಿಕೆಯನ್ನೂ ಕಲಿಸಬೇಕು. ಈಗಿನ ಉತ್ತರಪತ್ರಿಕೆಗಳಲ್ಲಿ ಎಲ್ಲಕ್ಕೂ ಕಾರಣ ಹವಾಮಾನ ಬದಲಾವಣೆ. ಅಡಿಕೆಯ ಎಲೆಚುಕ್ಕಿ ರೋಗ, ಮಂಗನ ಕಾಯಿಲೆ, ಕಾಡಾನೆ, ಎಲ್ಲವೂ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು, ಮಂಗ, ಕಾಡಿನ ಬಳಕೆ ಎಲ್ಲ ಸೇರಿದ ಕಥೆ ಅದು. ಎಲೆಚುಕ್ಕಿ ಶಿಲೀಂಧ್ರದಿಂದ ಬರುವ ರೋಗ. ತೇವ, ಮಳೆ ಅದಕ್ಕೆ ಸಹಾಯ ಮಾಡುತ್ತವೆ. ಆದರೆ "ಮಳೆಯಿಂದ ಹರಡಿತು" ಎನ್ನುವುದಕ್ಕೂ "ವಾಯುಗುಣ ಬದಲಾವಣೆಯಿಂದ ಬಂತು" ಎನ್ನುವುದಕ್ಕೂ ನಡುವೆ ತುಂಬ ದಾರಿ ಇದೆ. ಗಟ್ಟಿಯಾಗಿ ಹೇಳಬಹುದಾದದ್ದು ಬೇರೆ ಇದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹಾಗಾಗಿ ಸುರಿದಾಗ ಒಮ್ಮೆಲೇ ಜಾಸ್ತಿ ಸುರಿಯುವ ಸಂಭವ ಹೆಚ್ಚು. ಪುನರ್ವಸು, ಪುಷ್ಯ ಮಳೆ ಹಿಡಿದ ಹಾಗೆ ಸಣ್ಣಗೆ ವಾರಗಟ್ಟಲೆ ಬೀಳುವುದಕ್ಕೂ, ಎರಡು ದಿನದಲ್ಲಿ ಹೊಡೆದು ಹೋಗುವುದಕ್ಕೂ ತೋಟದಲ್ಲಿ ಎಷ್ಟು ವ್ಯತ್ಯಾಸ ಎಂದು ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸುವವರನ್ನು ಕೇಳಬೇಕು. ಆ ಔಷಧಿ, ಅಂದರೆ ಬೋರ್ಡೋ ದ್ರಾವಣ, ಒಣಗಲು ಬಿಸಿಲಿನ ಬಿಡುವು ಬೇಕೇ ಬೇಕು.

ಇಷ್ಟೆಲ್ಲ ಕಲಿತ ಮೇಲೆ ಪರೀಕ್ಷೆ ಅನ್ನುವ ಹಾಗೆ ನಮ್ಮ ಕಣ್ಣ ಮುಂದೆಯೇ ಒಂದು ವಿಷಯ ಇದೆ: ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪ. ಬೇಡಿಕೆ ಕಡಿಮೆ ಇದ್ದಾಗ ಕೆಳಗಿನ ನೀರನ್ನು ಮೇಲಕ್ಕೆ ಎತ್ತುವುದು, ಬೇಡಿಕೆ ಏರಿದಾಗ ಇಳಿಸಿ 2,000 ಮೆಗಾವಾಟ್‌ವರೆಗೆ ವಿದ್ಯುತ್ ಪಡೆಯುವುದು. ಪರವಾಗಿ ಮಾತಾಡುವವರು "ಹೊಸದಾಗಿ ಎರಡು ಸಾವಿರ ಮೆಗಾವಾಟ್ ಉತ್ಪಾದನೆ" ಅನ್ನುತ್ತಾರೆ. ವಿರೋಧಿಸುವವರು "ಉತ್ಪಾದನೆಗಿಂತ ಬಳಕೆಯೇ ಜಾಸ್ತಿ, ಇದೆಂಥ ಯೋಜನೆ" ಅನ್ನುತ್ತಾರೆ. ತರಗತಿಯಲ್ಲೂ ಎರಡು ಗುಂಪಾಗುತ್ತದೆ.

ಎರಡು ಮಾತೂ ವಿಷಯದ ತಿರುಳನ್ನು ಮುಟ್ಟುವುದಿಲ್ಲ. ಇದು ಉತ್ಪಾದನೆಯಲ್ಲ, ಶೇಖರಣೆ. ಒಳಗೆ ಹಾಕಿದ 100 ಯೂನಿಟ್‌ಗೆ 75–80 ವಾಪಸ್ ಬರುತ್ತದೆ. ಬ್ಯಾಟರಿ ಕೂಡ ಹಾಕಿದ್ದಕ್ಕಿಂತ ಕಡಿಮೆಯನ್ನೇ ಕೊಡುತ್ತದೆ. ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಅದು ಮಧ್ಯಾಹ್ನ ಕೊಡುತ್ತದೆ, ಜನ ಸ್ವಿಚ್ ಹಾಕುವುದು ಸಂಜೆ. ಆ ನಡುವಿನ ಹೊತ್ತನ್ನು ಯಾರಾದರೂ ತುಂಬಲೇಬೇಕು. ಈಗ ಅದನ್ನು ತುಂಬುವುದರಲ್ಲಿ ಕಲ್ಲಿದ್ದಲಿನ ಪಾಲು ದೊಡ್ಡದು. ಅಂದಮೇಲೆ ಕೇಳಬೇಕಾದ ಪ್ರಶ್ನೆಗಳು ಬೇರೆ. ದಿನಕ್ಕೆ ಎಷ್ಟು ಗಂಟೆ, ಎಷ್ಟು ಯೂನಿಟ್ ಸಿಗುತ್ತದೆ? ಸಿಂಗಳೀಕಗಳ ಅಭಯಾರಣ್ಯದಲ್ಲಿ ಎಷ್ಟು ಕಾಡು, ಎಷ್ಟು ಮರ ಹೋಗುತ್ತದೆ? ಇಷ್ಟು ಮಳೆ ಬೀಳುವ ಗುಡ್ಡದೊಳಗೆ ಸುರಂಗ ಕೊರೆದರೆ ಮಣ್ಣು ತಡೆಯುತ್ತದೆಯೇ? ಅಷ್ಟೇ ಯೂನಿಟ್ಟನ್ನು ಬ್ಯಾಟರಿಯಲ್ಲೋ ಕಾಡಿಲ್ಲದ ಬೇರೆ ಜಾಗದಲ್ಲೋ ಇಟ್ಟರೆ ಖರ್ಚು ಎಷ್ಟು?

ನನ್ನ ಅಭಿಪ್ರಾಯ ಕೇಳಿದರೆ ಮುಚ್ಚಿಡುವುದಿಲ್ಲ. ಒಮ್ಮೆ ಮುಳುಗಿದ ಕಣಿವೆ ಇದು. ಇದನ್ನು ಮತ್ತೆ ಕೊರೆಯುವ ಮೊದಲು ಬೇರೆ ಎಲ್ಲ ದಾರಿಗಳ ಲೆಕ್ಕ ಜನರ ಮುಂದೆ ಬರಬೇಕು. ಆದರೆ ತರಗತಿಯಲ್ಲಿ ನಾನು ಮೊದಲು ವಿದ್ಯಾರ್ಥಿಗಳಿಗೆ ತಮ್ಮ ಎದುರಿನ ಪಕ್ಷದ ವಾದವನ್ನು ಸಂಖ್ಯೆ ಸಮೇತ ಬರೆಯಲು ಹೇಳುತ್ತೇನೆ. ಆಮೇಲೆ ಕೆಲವರು ಪಕ್ಷ ಬದಲಿಸುತ್ತಾರೆ, ಕೆಲವರು ಇನ್ನೂ ಗಟ್ಟಿಯಾಗುತ್ತಾರೆ. ಎರಡೂ ಒಳ್ಳೆಯದೇ.

ಇಲ್ಲಿ ಕಲಾ ವಿದ್ಯಾರ್ಥಿಗಳು ವಿಜ್ಞಾನದವರಿಗಿಂತ ಮುಂದೆ ಹೋಗುವ ಜಾಗ ಒಂದಿದೆ. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು ಬಂತು. 1964ರಲ್ಲಿ ಲಿಂಗನಮಕ್ಕಿ ಬಂದಾಗ ಆ ಅಣೆಕಟ್ಟೇ ಮುಳುಗಿತು. ಬೇಸಿಗೆಯಲ್ಲಿ ನೀರಿಳಿದಾಗ ಅದು ಇನ್ನೂ ಎದ್ದು ಕಾಣುತ್ತದೆ. ನಾಡಿಗೆ ವಿದ್ಯುತ್ ಕೊಡಲು ಊರು ಬಿಟ್ಟವರ ಮಕ್ಕಳು ಹಿನ್ನೀರಿನಾಚೆ ಚಿಮಣಿ ದೀಪದಲ್ಲಿ ಓದಿದರು. ತುಮರಿ ಕಡೆಯವರು ಲಾಂಚಿಗೆ ಕಾದು ಕಾದು, ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ನೋಡಿದ್ದು 2025ರ ಜುಲೈನಲ್ಲಿ. ಒಂದು ಯೂನಿಟ್ಟಿಗೆ ಸಾವಿರ ಲೀಟರ್ ಎಂಬ ಲೆಕ್ಕದಲ್ಲಿ ಇದು ಎಲ್ಲೂ ಬರುವುದಿಲ್ಲ. ಅದನ್ನು ಸೇರಿಸಬೇಕಾದವರು ಇತಿಹಾಸ, ಸಮಾಜಶಾಸ್ತ್ರ ಓದುವವರು. ಅಜ್ಜಿಯಂದಿರನ್ನು ಮಾತಾಡಿಸಿ ಬರೆದುಕೊಂಡು ಬಂದ ನಾಲ್ಕು ಪುಟಕ್ಕೆ ನಾನು ಯಾವ ಲೆಕ್ಕಕ್ಕಿಂತಲೂ ಕಡಿಮೆ ಅಂಕ ಕೊಟ್ಟಿಲ್ಲ.

ಕಾಲೇಜುಗಳು ಏನು ಮಾಡಬೇಕು? ಹೊಸ ಕೋರ್ಸಿಗೆ ಕಾಯಬೇಕಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಅರ್ಧದಷ್ಟು ಪ್ರಶ್ನೆ "ಎಷ್ಟು" ಎಂದು ಕೇಳಲಿ, ಕ್ಯಾಲ್ಕುಲೇಟರ್ ಒಳಗೆ ಬಿಡಲಿ. ಪಾಠ ಮಾಡುವ ಕನ್ನಡ, ಅರ್ಥಶಾಸ್ತ್ರ, ವಾಣಿಜ್ಯದ ಅಧ್ಯಾಪಕರಿಗೆ ಒಂದು ವಾರದ ತರಬೇತಿ ಸಿಗಲಿ. ಅವರಿಗೆ ಇರುವುದು ಅಂಜಿಕೆ ಮಾತ್ರ, ಅದು ಹೋಗಲು ವಾರ ಸಾಕು. ಕನ್ನಡದಲ್ಲಿ ಪಾಠ ನಡೆಯಲಿ. ಕಂಬಳಿ, ಕೊಡ, ಒಳಹರಿವು ಅಂದಾಗ ತಲೆಯಾಡಿಸುವ ಮಕ್ಕಳೇ ಬೇರೆ ಭಾಷೆಯ ನೋಟ್ಸ್ ಕೊಟ್ಟ ಕೂಡಲೇ ಬಾಯಿಪಾಠಕ್ಕೆ ಇಳಿಯುತ್ತಾರೆ.

ಕಳೆದ ಸಲ ಬಿ.ಕಾಂ.ನವರಿಗೆ ಕೊಟ್ಟ ಕೊನೆಯ ಕೆಲಸ ಚಾವಣಿ ಸೋಲಾರಿನದು. 3 ಕಿಲೋವಾಟ್ ಹಾಕಿಸಿದರೆ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಹಾಯಧನ. ಒಂದು ಕಿಲೋವಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ನಿಮ್ಮ ಮನೆಗೆ ಇದು ಗಿಟ್ಟುತ್ತದೆಯೇ? ಸಾಗರ ಕಡೆಯ ಒಬ್ಬಳು ಬರೆದಳು: ಮನೆಯಲ್ಲಿ ತಿಂಗಳಿಗೆ 90 ಯೂನಿಟ್, ಬಿಲ್ಲು ಸೊನ್ನೆ, ಹಾಗಾಗಿ ಮನೆಗೆ ಗಿಟ್ಟುವುದಿಲ್ಲ. ಆದರೆ ಅಪ್ಪನ ಹಿಟ್ಟಿನ ಗಿರಣಿಗೆ ಬೇರೆ ಮೀಟರ್ ಇದೆ, ಆ ಬಿಲ್ಲು ಸೊನ್ನೆಯಲ್ಲ, ಅದಕ್ಕೆ ಮನೆಗಳ ಸಹಾಯಧನವೂ ಸಿಗುವುದಿಲ್ಲ, ಆದರೂ ಗಿಟ್ಟಬಹುದು. ಕೆಳಗೆ ಇನ್ನೊಂದು ಸಾಲು ಇತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮೂರಲ್ಲಿ ಸೂರ್ಯ ಕಾಣುವುದೇ ಅಪರೂಪ, ದಿನಕ್ಕೆ 4 ಯೂನಿಟ್ ಅನ್ನುವ ಲೆಕ್ಕ ಆಗ ನಡೆಯುವುದಿಲ್ಲ.

"ಹಾಗಾದ್ರೆ ಎಷ್ಟು ಬರುತ್ತೆ?" ಅಂತ ಕೇಳಿದೆ. ಗೊತ್ತಿಲ್ಲ ಅಂದಳು. ಪಕ್ಕದ ಮನೆಯ ಚಾವಣಿ ಮೇಲೆ ಪ್ಯಾನೆಲ್ ಇದೆಯಂತೆ. ಜೂನ್ ಮೊದಲ ಭಾನುವಾರದಿಂದ ವಾರಕ್ಕೊಮ್ಮೆ ಹೋಗಿ ಅವರ ಮೀಟರ್ ಓದಿ ಬರೆದುಕೊಳ್ಳುತ್ತಿದ್ದಾಳೆ.